ಕಾವುಪೆಟ್ಟಿಗೆಯೊಳಗಿನ ಕಾಣದ ಬಲ

ಮನೆಯ ಪಕ್ಕದಲ್ಲಿ ಹಾದುಹೋಗುವ ವಿದ್ಯುತ್ ತಂತಿ ಮಕ್ಕಳಿಗೆ ಕೇಡು ತರಬಲ್ಲುದೆ? ಅಮೆರಿಕದ ಡೆನ್ವರ್ ನಗರದ ಮನೆಗಳನ್ನು ಪರಿಶೀಲಿಸಿದ ನ್ಯಾನ್ಸಿ ವರ್ಟೈಮರ್ ಮತ್ತು ಎಡ್ ಲೀಪರ್, ತಂತಿಗಳಿಗೂ ಮಕ್ಕಳ ಕ್ಯಾನ್ಸರಿಗೂ ನಂಟಿರಬಹುದೆಂದು 1979ರಲ್ಲಿ ಬರೆದರು. 1982ರಲ್ಲಿ ಸ್ಪೇನಿನ ಹೊಸೆ ಡೆಲ್ಗಾಡೊ ಮತ್ತು ಸಂಗಡಿಗರು, ಅತಿ ದುರ್ಬಲವಾದ ಕಾಂತಕ್ಷೇತ್ರವೂ ಕೋಳಿಮೊಟ್ಟೆಯೊಳಗಿನ ಭ್ರೂಣದ ಬೆಳವಣಿಗೆಯನ್ನು ಕೆಡಿಸುತ್ತದೆಂದರು. ಇಂಥ ಮಾತು ಕಿವಿಗೆ ಬಿದ್ದ ತಾಯಿಗೆ ನಿದ್ರೆ ಬಂದೀತೆ?

ಶ್ರೋತೃಗಳೇ, ಆ ಪ್ರಶ್ನೆಯ ಉತ್ತರಕ್ಕಿಂತ ಮೊದಲು ಅದನ್ನು ಕೇಳುವ ಬಗೆಯನ್ನು ಕುರಿತು ನಾನು ಹೇಳಬಯಸುತ್ತೇನೆ. ಪ್ರಯೋಗದಲ್ಲಿ ಎರಡು ಕಾವುಪೆಟ್ಟಿಗೆಗಳಿರುತ್ತವೆ. ಒಂದರ ಸುರುಳಿಯಲ್ಲಿ ವಿದ್ಯುತ್ತು ಹರಿಯುತ್ತದೆ, ಇನ್ನೊಂದರಲ್ಲಿ ಹರಿಯುವುದಿಲ್ಲ. ಹಾಗೆಂದ ಮಾತ್ರಕ್ಕೆ ಎರಡನೆಯದು ಕ್ಷೇತ್ರವಿಲ್ಲದ ಪೆಟ್ಟಿಗೆಯೆ? ಅಲ್ಲ. ಮೊಟ್ಟೆಗೆ ಕಾವು ಕೊಡುವ ತಂತಿ, ಗಾಳಿ ಬೀಸುವ ಮೋಟಾರು, ಗೋಡೆಯಾಚೆಯ ಯಂತ್ರ, ಎಲ್ಲವೂ ತಮ್ಮ ಪಾಲಿನ ಕ್ಷೇತ್ರವನ್ನು ಅದರೊಳಗೆ ತುಂಬುತ್ತವೆ. ಲೋಹದ ಪೆಟ್ಟಿಗೆ ವಿದ್ಯುತ್‌ಕ್ಷೇತ್ರವನ್ನು ತಡೆದೀತು. ನಿಧಾನವಾಗಿ ಬದಲಾಗುವ ಕಾಂತಕ್ಷೇತ್ರವಾದರೋ ತೆಳುವಾದ ತಗಡನ್ನು ಸಲೀಸಾಗಿ ದಾಟಿಬಿಡುತ್ತದೆ.

ಆದುದರಿಂದ ಅಳೆಯಲೇಬೇಕು. ಅದಕ್ಕೆ ಆಧಾರ 1831ರಲ್ಲಿ ಫ್ಯಾರಡೆ ಕಂಡ ತತ್ತ್ವವೇ. ಬದಲಾಗುವ ಕ್ಷೇತ್ರದಲ್ಲಿಟ್ಟ ತಂತಿಸುರುಳಿಯಲ್ಲಿ ವಿದ್ಯುತ್ ಒತ್ತಡ ಹುಟ್ಟುತ್ತದೆ. ಬದಲಾವಣೆ ನಿಧಾನವಾದಷ್ಟೂ ಒತ್ತಡ ಕಡಿಮೆ. ಆಗ ಸುತ್ತುಗಳು ಹೆಚ್ಚಬೇಕು. ಸುರುಳಿ ತನ್ನ ಅಕ್ಷದ ದಿಕ್ಕಿನ ಕ್ಷೇತ್ರವನ್ನು ಮಾತ್ರ ಅರಿಯುವುದರಿಂದ ಒಂದೊಂದು ಮೊಟ್ಟೆಯ ಜಾಗದಲ್ಲೂ ಮೂರು ದಿಕ್ಕುಗಳಲ್ಲಿ ಅಳೆಯಬೇಕು. ಸದಾ ಸ್ಥಿರವಾಗಿರುವ ಭೂಮಿಯ ಕಾಂತಕ್ಷೇತ್ರಕ್ಕೆ ಬೇರೆಯೇ ಉಪಕರಣ ಬೇಕು.

ಈ ಎಚ್ಚರದಿಂದಲೇ ಅಟ್ಲಾಂಟಿಕ್ ಸಾಗರದ ಎರಡೂ ದಡಗಳ ಆರು ಪ್ರಯೋಗಾಲಯಗಳು ಒಂದೇ ಬಗೆಯ ಉಪಕರಣಗಳಿಂದ ಡೆಲ್ಗಾಡೊ ಪ್ರಯೋಗವನ್ನು ಪರೀಕ್ಷಿಸಿದವು. ‘ಹೆನ್‌ಹೌಸ್’, ಎಂದರೆ ಕೋಳಿಗೂಡು, ಎಂದು ಆ ಯೋಜನೆಯ ಹೆಸರು. ಸೆಕೆಂಡಿಗೆ 100 ಮಿಡಿತ, 1 ಮೈಕ್ರೋಟೆಸ್ಲಾ ಬಲ, 48 ಗಂಟೆಗಳ ಕಾವು. ನಮ್ಮ ನಾಡಿನಲ್ಲಿ ಭೂಮಿಯ ಕ್ಷೇತ್ರವೇ ಸುಮಾರು 40 ಮೈಕ್ರೋಟೆಸ್ಲಾ ಎಂಬುದನ್ನು ನೆನೆದರೆ ಆ ಬಲದ ಅಲ್ಪತ್ವ ತಿಳಿದೀತು. ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಐದು ಕಡೆ ಕ್ಷೇತ್ರದಲ್ಲಿಟ್ಟ ಭ್ರೂಣಗಳಲ್ಲೇ ದೋಷ ಹೆಚ್ಚು. ಆದರೆ ಸಂಖ್ಯಾಶಾಸ್ತ್ರದ ಒರೆಗಲ್ಲಿನಲ್ಲಿ ನಿಂತದ್ದು ಎರಡು ಕಡೆ ಮಾತ್ರ.

ಅಷ್ಟು ಶ್ರಮವೂ ವ್ಯರ್ಥವಾಯಿತೆ? ನಾನು ಹಾಗೆನ್ನಲಾರೆ. ಉಪಕರಣಗಳು ಒಂದೇ ಆಗಿದ್ದುದರಿಂದಲೇ, ಭೇದ ಬೇರೆಲ್ಲೋ ಇದೆಯೆಂದು ಕೇಳುವುದು ಸಾಧ್ಯವಾಯಿತು. 2002ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಂಥ ಕ್ಷೇತ್ರಗಳನ್ನು ‘ಪ್ರಾಯಶಃ ಕ್ಯಾನ್ಸರ್‌ಕಾರಕವಿರಬಹುದು’ ಎಂಬ ವರ್ಗಕ್ಕೆ ಸೇರಿಸಿತು. ಪ್ರಾಣಿಗಳಲ್ಲಿ ದೊರೆತ ಪುರಾವೆ ಸಾಲದೆಂದೂ ಹೇಳಿತು. ಹೆದರಿದವರಿಗೆ ಇದು ಸಮಾಧಾನ ತಾರದಿರಬಹುದು. ಆದರೆ ಖಾಲಿ ಪೆಟ್ಟಿಗೆಯನ್ನೂ ಅಳೆದು ನೋಡಿದವರು ‘ಇರಬಹುದು’ ಎಂದಾಗ, ಅಳೆಯದವರ ‘ಇದೆ’, ‘ಇಲ್ಲ’ಗಳಿಗಿಂತ ಆ ಮಾತಿಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.