ಬಿ.ಸಿ.ಜಿ.ಯ ಇನ್ನೊಂದು ಉಪಕಾರ

ಬಿ.ಸಿ.ಜಿ. ಎಂಬುದು ನಮ್ಮ ಮನೆಗಳಲ್ಲಿ ಹೊಸ ಮಾತಲ್ಲ. ಮದ್ರಾಸಿನ ಗಿಂಡಿಯಲ್ಲಿ 1948ರಲ್ಲಿ ಅದರ ತಯಾರಿಕೆಗೆಂದೇ ಪ್ರಯೋಗಾಲಯ ಆರಂಭವಾಯಿತು. ನಮ್ಮಲ್ಲಿ ಅನೇಕರ ಎಡತೋಳಿನ ಮೇಲೆ ಅದರ ಗುರುತು ಇಂದಿಗೂ ಇದೆ. ಕ್ಷಯಕ್ಕೆ ತಡೆಯೆಂದು ನಾವು ಬಲ್ಲ ಈ ಲಸಿಕೆ ಮೂತ್ರಕೋಶದ ಕ್ಯಾನ್ಸರಿಗೂ ಮದ್ದಾಯಿತೆಂಬ ಸಂಗತಿ ಮಾತ್ರ ಹೆಚ್ಚು ಮಂದಿಗೆ ತಿಳಿದಿಲ್ಲ.

ಮೊದಲು ರೋಗದ ಮಾತು. 1895ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೇನ್, ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಈ ಕ್ಯಾನ್ಸರ್ ಕಾಣಿಸಿಕೊಳ್ಳುತ್ತಿರುವುದನ್ನು ವರದಿ ಮಾಡಿದರು. 1938ರಲ್ಲಿ ವಿಲ್‌ಹೆಲ್ಮ್ ಹ್ಯೂಪರ್, ಬಣ್ಣದ ತಯಾರಿಕೆಯಲ್ಲಿ ಬಳಸುವ ನ್ಯಾಫ್ತೈಲಮೀನ್ ಎಂಬ ರಾಸಾಯನಿಕವನ್ನು ನಾಯಿಗಳಿಗೆ ಕೊಟ್ಟು, ಅವುಗಳಲ್ಲೂ ಇದೇ ರೋಗ ಬರುವುದನ್ನು ತೋರಿಸಿದರು. ಮೊದಲ ಎಚ್ಚರಿಕೆಗೂ ಈ ಪುರಾವೆಗೂ ನಡುವೆ ನಲವತ್ತಮೂರು ವರ್ಷ. ಆ ಅವಧಿಯ ಬೆಲೆ ತೆತ್ತವರು ಕೂಲಿಕಾರರು.

ಮೂತ್ರಕೋಶದ ಒಳಪದರದಲ್ಲಿ ಎದ್ದ ಗೆಡ್ಡೆಯನ್ನು ವೈದ್ಯರು ಕೆತ್ತಿ ತೆಗೆಯಬಲ್ಲರು. ಆದರೆ ಕಳೆ ಕಿತ್ತ ಹೊಲದಲ್ಲಿ ಮತ್ತೆ ಕಳೆ ಹುಟ್ಟುವಂತೆ ಅದು ಮರುಕಳಿಸುವುದೇ ದೊಡ್ಡ ಕಷ್ಟ. 1959ರಲ್ಲಿ ಅಮೆರಿಕದ ಲಾಯ್ಡ್ ಓಲ್ಡ್ ಮತ್ತು ಸಂಗಡಿಗರು, ಬಿ.ಸಿ.ಜಿ. ಕೊಟ್ಟ ಇಲಿಗಳಲ್ಲಿ ಗೆಡ್ಡೆಗಳ ಬೆಳವಣಿಗೆ ಕುಂಠಿತವಾಗುವುದನ್ನು ಕಂಡಿದ್ದರು. ಇದನ್ನು ಮೂತ್ರಕೋಶಕ್ಕೆ ಅನ್ವಯಿಸಿ ನೋಡಿದವರು ಕೆನಡದ ಕಿಂಗ್‌ಸ್ಟನ್ ನಗರದ ಕ್ವೀನ್ಸ್ ವಿಶ್ವವಿದ್ಯಾಲಯದ ಅಲ್ವಾರೊ ಮೊರಾಲೆಸ್. ಕೊಲಂಬಿಯದಿಂದ ವಲಸೆ ಹೋಗಿ ಅಲ್ಲಿ ನೆಲೆಸಿದವರು ಅವರು. ಇದು ಹಳೆಯ ಕಾಲದ ವಿಚಾರವೆಂದು ಅವರ ಧನಸಹಾಯದ ಅರ್ಜಿ ತಿರಸ್ಕೃತವಾಯಿತು. ಅವರು ಎದೆಗುಂದಲಿಲ್ಲ.

ಲಸಿಕೆಯನ್ನು ತೆಳುವಾದ ನಳಿಕೆಯ ಮೂಲಕ ನೇರವಾಗಿ ಮೂತ್ರಕೋಶಕ್ಕೆ ಬಿಟ್ಟರು. ವಾರಕ್ಕೊಂದರಂತೆ ಆರು ವಾರ. ಆರೇ ಏಕೆಂದರೆ, ಲಸಿಕೆಯ ಪೆಟ್ಟಿಗೆಯಲ್ಲಿ ಇದ್ದುದು ಆರು ಶೀಷೆ! 1976ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ಇದ್ದವರು ಒಂಬತ್ತೇ ರೋಗಿಗಳು. ಆದರೂ ಗೆಡ್ಡೆ ಮರುಕಳಿಸುವುದು ಬಹಳ ಮಟ್ಟಿಗೆ ತಗ್ಗಿತ್ತು. 1980ರಲ್ಲಿ ಅಮೆರಿಕದ ಡೊನಾಲ್ಡ್ ಲ್ಯಾಮ್ ಅವರ ತುಲನಾತ್ಮಕ ಪರೀಕ್ಷೆ ಇದನ್ನು ಸಮರ್ಥಿಸಿತು. 1990ರಲ್ಲಿ ಅಮೆರಿಕದ ಸರ್ಕಾರ ಈ ಚಿಕಿತ್ಸೆಗೆ ಮಂಜೂರಾತಿ ನೀಡಿತು. ಆರು ವಾರದ ಆ ಕ್ರಮವೇ ಇಂದಿಗೂ ಚಿಕಿತ್ಸೆಯ ಮೊದಲ ಹಂತ.

ಲಸಿಕೆಯ ಜೀವಾಣು ತಾನೇ ಕ್ಯಾನ್ಸರನ್ನು ಕೊಲ್ಲುತ್ತದೆಂದು ಭಾವಿಸಬಾರದು. ಅದು ಒಳಪದರಕ್ಕೆ ಅಂಟಿಕೊಂಡು ಶರೀರದ ಕಾವಲುಪಡೆಯನ್ನು ಅಲ್ಲಿಗೆ ಕರೆಯುತ್ತದೆ. ಬಂದ ಪಡೆ ಕ್ಯಾನ್ಸರ್ ಕಣಗಳ ಮೇಲೂ ಬೀಳುತ್ತದೆ. ಉರಿಮೂತ್ರ, ಜ್ವರಗಳಂಥ ತೊಂದರೆಗಳುಂಟು, ವಿರಳವಾಗಿ ಅಪಾಯವೂ ಉಂಟು. ಮಾಂಸಖಂಡಕ್ಕೆ ಇಳಿದ ಕ್ಯಾನ್ಸರಿಗೆ ಇದು ಸಾಲದು. ಬಾಲ್ಯದಲ್ಲಿ ತೋಳಿಗೆ ಹಾಕಿಸಿಕೊಂಡ ಲಸಿಕೆಯಿಂದ ಈ ರೋಗ ತಪ್ಪುತ್ತದೆಂದೂ ಅಲ್ಲ.

ಹೀಗಾಗಿ ರೋಗ ಮೇಲ್ಪದರದಲ್ಲಿ ಇರುವಾಗಲೇ ಕಂಡುಹಿಡಿಯುವುದು ಮುಖ್ಯ. ಬಣ್ಣದ, ರಬ್ಬರಿನ ಕಾರ್ಖಾನೆಗಳಲ್ಲಿ ದುಡಿದವರು ನಮ್ಮ ನಡುವೆಯೂ ಇದ್ದಾರೆ. ಕೆಲಸ ಬಿಟ್ಟು ಹತ್ತಿಪ್ಪತ್ತು ವರ್ಷಗಳಾದ ಮೇಲೂ ಇದು ತಲೆದೋರಬಹುದು. ಇಂದು ಇದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಧೂಮಪಾನ. ಸಿಗರೇಟಿನ ಹೊಗೆಯಲ್ಲಿ ಅದೇ ನ್ಯಾಫ್ತೈಲಮೀನ್ ಇದೆ. ಮೂತ್ರದಲ್ಲಿ ರಕ್ತ, ಅದೂ ನೋವಿಲ್ಲದೆ, ಒಮ್ಮೆ ಕಂಡು ಮಾಯವಾದರೂ ಅದು ಮೊದಲ ಸೂಚನೆಯಾಗಿರಬಹುದು. ಉಷ್ಣವೆಂದು ಎಳನೀರು ಕುಡಿದು, ಸಂಕೋಚದಿಂದ ಹೆಂಡತಿ ಮಕ್ಕಳಿಗೂ ಹೇಳದೆ ಸುಮ್ಮನಿರುವ ಹಿರಿಯರು ನಮ್ಮಲ್ಲಿ ಕಡಿಮೆಯಿಲ್ಲ. ಊರಿಂದ ದೂರ ಬಂದು ಸಂಸಾರ ಕಟ್ಟಿದ ನಾವು ಈ ಒಂದು ಮಾತನ್ನು ಮನೆಯಲ್ಲಿ ಮುಚ್ಚಿಡದೆ ಆಡಬೇಕು, ಆ ದಿನವೇ ವೈದ್ಯರಲ್ಲಿಗೆ ಹೋಗಬೇಕು.