ಕುರ್ಚಿ ಸಿಕ್ಕಿತು, ಮನೆ?



ಬನ್ನಿಮಂಟಪ ಅಂದ್ರೆ ಹೊರಗಿನವರಿಗೆ ಜಂಬೂಸವಾರಿ, ಪಂಜಿನ ಕವಾಯತು. ನನಗೆ ಅದು ದಿನಾ ಹೋಗಿ ಹಾಜರಿ ಹಾಕೋ ಜಾಗ. ಈಗ ನಮ್ಮ ಕಚೇರಿಯನ್ನು ರಿಂಗ್ ರಸ್ತೆ ಆಚೆ ಸಾಗಿಸೋ ಮಾತು ನಡೀತಿದೆ. "ದೊಡ್ಡ ಕಟ್ಟಡ, ಗಾಡಿ ನಿಲ್ಲಿಸೋಕೂ ಜಾಗ ಇದೆ, ನಿಮಗೇನ್ರೀ ಕಷ್ಟ?" ಅಂದ್ರು ಸಹೋದ್ಯೋಗಿಯೊಬ್ಬರು. ಉತ್ತರ ಹೇಳೋಕೆ ಸ್ವಲ್ಪ ಇತಿಹಾಸ ಬೇಕು.

1917. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಬಾಬಾಸಾಹೇಬರು ವಿದ್ಯಾರ್ಥಿವೇತನದ ಕರಾರಿನಂತೆ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದರು. ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಹುದ್ದೆ ಸಿಕ್ಕಿತು. ಇರೋಕೆ ಮನೆ ಸಿಗಲಿಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿ ವಸತಿಗೃಹದಲ್ಲಿ ಉಳಿದರು. 11ನೇ ದಿನ ಕಚೇರಿಗೆ ಹೊರಟಾಗ ದೊಣ್ಣೆ ಹಿಡಿದ ಹತ್ತನ್ನೆರಡು ಜನ ಬಂದು, ಸಂಜೆಯೊಳಗೆ ಖಾಲಿ ಮಾಡು ಅಂದರು. ಇಬ್ಬರು ಸ್ನೇಹಿತರನ್ನು ಕೇಳಿದರು. ಇಬ್ಬರೂ ಏನೋ ನೆಪ ಹೇಳಿದರು. ಕಾಮಾಠಿ ಬಾಗ್ ಉದ್ಯಾನದಲ್ಲಿ ಕೂತು, ರಾತ್ರಿ ರೈಲಿಗೆ ಬೊಂಬಾಯಿಗೆ ಹೊರಟುಹೋದರು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಇದನ್ನೆಲ್ಲ ಬರೆದಿದ್ದಾರೆ.

ಮರುವರ್ಷ, 1918ರಲ್ಲಿ, ನಮ್ಮ ಮೈಸೂರಲ್ಲಿ ನಾಲ್ವಡಿಯವರು ಮಿಲ್ಲರ್ ಸಮಿತಿ ನೇಮಿಸಿದರು. ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣೇತರರ ಪಾಲಿಗೆ ದಾರಿ ತೆರೆದದ್ದು ಆ ಸಮಿತಿ. ಅದು ದೊಡ್ಡ ಹೆಜ್ಜೆ, ಮರೆಯೋ ಹಾಗಿಲ್ಲ. ಆದರೆ ಕುರ್ಚಿ ಕೊಡಿಸೋ ಆದೇಶ ಬಾಡಿಗೆ ಮನೆ ಕೊಡಿಸಲ್ಲ. "ನೀವು ಯಾವ ಜನ?" ಅಂತ ಕೇಳೋ ಮಾಲೀಕರ ಮುಂದೆ ಯಾವ ರೋಸ್ಟರೂ ನಡೆಯಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೂರು ಕಡೆ "ಈಗಷ್ಟೇ ಬೇರೆಯವರಿಗೆ ಕೊಟ್ಬಿಟ್ವಿ" ಅಂತ ಕೇಳಿಸಿಕೊಂಡವನು ನಾನು. ನಾಲ್ಕನೇ ಮನೆ ಗಾಂಧಿನಗರದಲ್ಲಿ ಸಿಕ್ಕಿತು. ಅಲ್ಲಿ ಯಾರೂ ಜಾತಿ ಕೇಳಲಿಲ್ಲ, ಅಡ್ವಾನ್ಸ್ ಕೇಳಿದರು ಅಷ್ಟೇ.

ಕಚೇರಿ ಬನ್ನಿಮಂಟಪದಲ್ಲಿ ಇದ್ದದ್ದಕ್ಕೇ ಅದು ಆಯ್ತು. ಸುತ್ತಮುತ್ತ ಗಾಂಧಿನಗರ, ಮೇದರ ಬ್ಲಾಕ್, ಕೆಸರೆ, ಮಂಡಿ ಮೊಹಲ್ಲಾ. ಸ್ವಲ್ಪ ಆಚೆಗೆ ಉದಯಗಿರಿ. ದಲಿತರು, ಮೇದರು, ಮುಸ್ಲಿಮರು, ಸಂತ ಫಿಲೋಮಿನಾ ಚರ್ಚಿನ ಕಡೆಯ ಕ್ರೈಸ್ತರು, ಎಲ್ಲರೂ ಹತ್ತಿರದಲ್ಲೇ. ಬೆಂಗಳೂರು ರಸ್ತೆ ಪಕ್ಕದಲ್ಲೇ ಇರೋದರಿಂದ ಹಳ್ಳಿಯಿಂದ ಬರೋರಿಗೂ ಬಸ್ಸಿಳಿದರೆ ಕಚೇರಿ. ಬೀಡಿ ಕಟ್ಟೋ ಅಕ್ಕ ನಡ್ಕೊಂಡು ಬಂದು, ಅರ್ಜಿ ಕೊಟ್ಟು, ಮಧ್ಯಾಹ್ನದೊಳಗೆ ಮತ್ತೆ ಕೆಲಸಕ್ಕೆ ಕೂತಿರ್ತಾರೆ. ಆಕೆಯ ಅವತ್ತಿನ ಕೂಲಿ ಉಳಿಯುತ್ತೆ.

ರಿಂಗ್ ರಸ್ತೆ ಆಚೆ ಹೋದರೆ ಕಾರಿದ್ದವರಿಗೆ ಅನುಕೂಲ, ನಿಜ. ಆ ಅಕ್ಕನಿಗೆ ಎರಡು ಬಸ್ಸು, ಒಂದು ದಿನದ ಕೂಲಿ. ಹೊಸದಾಗಿ ಕೆಲಸಕ್ಕೆ ಸೇರೋ ನಮ್ಮ ಹುಡುಗ ಹುಡುಗಿಯರಿಗೆ ಹೊಸ ಬಡಾವಣೆಯಲ್ಲಿ ಮತ್ತದೇ "ಯಾವ ಜನ?"

ಕಟ್ಟಡ ಸಾಗಿಸೋ ಮುಂಚೆ ನಮ್ಮನ್ನೂ ಒಂದು ಮಾತು ಕೇಳಿ ಅಂತ ಮನವಿ ಬರೆದಿದ್ದೇನೆ. ಸಹಿ ಹಾಕೋರು ಬನ್ನಿ.

ಜೈಭೀಮ್.