ಕುಬಸದ ಊಟ, ಬಸುರಿಯ ತೂಕ

ರಾಯಚೂರು ಸೀಮೆಯಲ್ಲಿ ಕುಬಸವೆಂದರೆ ಹಸಿರು ಸೀರೆ, ಹಸಿರು ಬಳೆ, ಬಯಕೆ ಊಟ. ‘ಎರಡು ಜೀವದಾಕಿ, ಇಬ್ಬರ ಊಟ ಉಣ್ಣಬೇಕು’ ಎಂಬ ಹಿರಿಯರ ಮಾತಿಗೆ ಕಾರಣವಿತ್ತು. ಕಾಲುವೆ ನೀರು ಬರುವ ಮೊದಲು ಮಳೆಯನ್ನೇ ನಂಬಿದ್ದ ದೇವದುರ್ಗ, ಮಾನ್ವಿಗಳಲ್ಲಿ ಹೊಲಗೆಲಸದ ಹೆಣ್ಣುಮಗಳಿಗೆ ಹೋಳಿಗೆ-ತುಪ್ಪ ಅಪರೂಪ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಜಾರಿಗೆ ಬಂದ ‘ಮಾತೃಪೂರ್ಣ’ ಯೋಜನೆಯ ಬಿಸಿಯೂಟದ ಹಿಂದೆಯೂ ಇದೇ ಕಳಕಳಿ.

ಆದರೆ ಮೊದಲೇ ಮೈಭಾರವಿದ್ದು ಬಸುರಾದವರ ಪಾಡು ಬೇರೆ. ಅವರಲ್ಲಿ ಮಧುಮೇಹ, ಏರು ರಕ್ತದೊತ್ತಡ, ಸಿಸೇರಿಯನ್ ಹೆರಿಗೆಯ ಸಂಭವ ಹೆಚ್ಚು.

ವೈದ್ಯರ ನಿಲುವೂ ಬದಲಾಗುತ್ತ ಬಂದಿದೆ. ಕೂಸು ಚಿಕ್ಕದಾಗಿ ಹೆರಿಗೆ ಸುಲಭವಾಗಲೆಂದು 1889ರಲ್ಲಿ ಜರ್ಮನಿಯ ಪ್ರೊಖೊವ್ನಿಕ್ ಮಿತಾಹಾರ ಸೂಚಿಸಿದ್ದ. 20ನೇ ಶತಮಾನದ ನಡುಭಾಗದಲ್ಲಿ ಅಮೆರಿಕದ ವೈದ್ಯರೂ ಬಸುರಿಯರ ತೂಕಕ್ಕೆ ಕಡಿವಾಣ ಹಾಕುತ್ತಿದ್ದರು. ಕಡಿಮೆ ತೂಕದ ಕೂಸುಗಳ ಕಷ್ಟ ಅರಿವಾದ ಮೇಲೆ 1970ರಲ್ಲಿ ಆ ಬಿಗಿ ಸಡಿಲವಾಯಿತು. 1990ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಬಸುರಿಗೆ ಮುಂಚಿನ ಎತ್ತರ-ತೂಕಕ್ಕೆ ತಕ್ಕಂತೆ ಬೇರೆ ಬೇರೆ ಅಳತೆ ಕೊಟ್ಟಿತು. 2009ರ ಪರಿಷ್ಕರಣೆಯಂತೆ ಸಾಮಾನ್ಯ ಮೈಕಟ್ಟಿನವರಿಗೆ 11.5ರಿಂದ 16, ಅಧಿಕ ತೂಕದವರಿಗೆ 7ರಿಂದ 11.5, ಸ್ಥೂಲಕಾಯರಿಗೆ 5ರಿಂದ 9 ಕಿಲೊ ಏರಿಕೆ ಸಾಕು.

ಹಾಗೆಂದು ಉಪವಾಸವಿದ್ದು ತೂಕ ಇಳಿಸುವುದು ಸಲ್ಲದು; ಕೂಸಿನ ಬೆಳವಣಿಗೆಗೆ ಅದು ಕೇಡು. ಜೋಳದ ರೊಟ್ಟಿ, ಬೇಳೆ, ಸೊಪ್ಪಿನ ಪಲ್ಯ, ಮೊಸರು ಇರಲಿ. ಸಿಹಿ, ಕರಿದದ್ದು ಕಡಿಮೆಯಾಗಲಿ. ವೈದ್ಯರು ಒಪ್ಪಿದರೆ ದಿನವೂ ನಡಿಗೆ ಇರಲಿ. ಕುಬಸವನ್ನು ಬಿಡಬೇಕಿಲ್ಲ. ಎರಡನೆಯ ಹೋಳಿಗೆ ಬಡಿಸುವ ಮೊದಲು ತಾಯಿ ಕಾರ್ಡಿನಲ್ಲಿ ಬರೆದ ತೂಕವನ್ನು ಮನೆಯವರು ಒಮ್ಮೆ ನೋಡಿದರೆ ಸಾಕು.